ಚಾರ್ಟಿನಲ್ಲಿ ಇಲ್ಲದ ಮಂಗಳವಾರ

ಭಾಂಡೆ-ಪಾತ್ರೆ ಅಂಗಡಿಯವನು ಗಿರಾಕಿಯ ಮುಖವನ್ನು ಕೊನೆಗೆ ನೋಡುತ್ತಾನೆ. ಮೊದಲು ಚಪ್ಪಲಿ, ಆಮೇಲೆ ಚೀಲ, ಆಮೇಲೆ ಕೈ. ಮುಖ ಏನನ್ನಾದರೂ ಹೇಳಬಲ್ಲದು. ಚಪ್ಪಲಿಗೆ ಅಷ್ಟು ಜಾಣತನ ಇರುವುದಿಲ್ಲ. ಹಳಿಯಾಳದ ನಮ್ಮ ಪೇಟೆ ಓಣಿಯಲ್ಲಿ ಸುಮಿತಾ ಮೊದಲ ಸಲ ನನ್ನ ಅಂಗಡಿಯ ಮೆಟ್ಟಿಲು ಹತ್ತಿದಾಗ ಅವಳ ಚಪ್ಪಲಿಯ ತುದಿಗೆ ಒಣಗಿದ ಸಿಮೆಂಟು ಮೆತ್ತಿತ್ತು, ಹಿಮ್ಮಡಿ ಎರಡೂ ಕಡೆ ಸಮನಾಗಿ ಸವೆದಿತ್ತು. ಹಿಮ್ಮಡಿ ಸಮನಾಗಿ ಸವೆಸಿದವರು ಚೌಕಾಸಿಯಲ್ಲಿ ಅವಸರ ಮಾಡುವುದಿಲ್ಲ. ಚೀಲದೊಳಗೆ ಲ್ಯಾಪ್‌ಟಾಪು, ಅಳತೆಯ ಟೇಪು, ಊಟದ ಡಬ್ಬಿ. ಡಬ್ಬಿಯ ಮೈಯೆಲ್ಲ ತಗ್ಗು ಬಿದ್ದಿತ್ತು, ಮುಚ್ಚಳ ಮಾತ್ರ ಹೊಸದರಂತೆ ಬಿಗಿಯಾಗಿ ಕೂತಿತ್ತು.

ಪಾತ್ರೆಯನ್ನು ತೂಕದಿಂದ ಅಳೆಯುವವನು ಹೊಸ ವ್ಯಾಪಾರಿ. ತಳಕ್ಕೆ ಲೋಹ ಹೆಚ್ಚು ಹಾಕಿ, ಮೇಲೆ ತೆಳ್ಳಗೆ ಮಾಡಿ ತೂಕ ತೋರಿಸುವವರು ಬೇಕಾದಷ್ಟು ಜನ ಇದ್ದಾರೆ. ಬೆರಳಿನಿಂದ ಬಾರಿಸಬೇಕು, ದಪ್ಪ ಎಷ್ಟೆಂದು ಸದ್ದೇ ಹೇಳುತ್ತದೆ. ನಾನು ಮಾತಿನಿಂದ ಬಾರಿಸಿದೆ.

"ಏನ್ ಬೇಕವ್ವ? ಕುಕ್ಕರ್ ಹೊಸಾ ಮಾಡೆಲ್ ಬಂದಾವ."

"ಕುಕ್ಕರ್ ಬ್ಯಾಡ್ರಿ ಸಾವ್ಕಾರ್ರ. ನೀವು ಬೇಕು."

"ನಾನು ಮಾರಾಟಕ್ಕ ಇಲ್ಲ."

"ಕೊಳ್ಳಾಕ ಬಂದಿಲ್ರಿ. ನಾಲ್ಕು ತಿಂಗಳ ಎರವಲು ಕೊಟ್ರ ಸಾಕು."

ತೂಕ ಕಡಿಮೆ, ಗೇಜು ದಪ್ಪ ಎಂದು ಮನಸ್ಸಿನಲ್ಲೇ ಚೀಟಿ ಅಂಟಿಸಿದೆ. ಇಂಥ ಮಾಲು ಅಂಗಡಿಯಲ್ಲಿ ಚೆನ್ನಾಗಿ ಕಾಣುವುದಿಲ್ಲ. ತಗ್ಗು ಬೀಳುತ್ತದೆ, ತೂತು ಬೀಳುವುದಿಲ್ಲ.

ಸುಮಿತಾ ಹುಟ್ಟಿ ಬೆಳೆದದ್ದು ಅಂಬಿಕಾನಗರದ ವಿದ್ಯುತ್ ಕಾಲನಿಯಲ್ಲಿ. ತಂದೆ ಸೋಮಪ್ಪ ಅಲ್ಲಿ ಪೈಪಿನ ಫಿಟ್ಟರ್ ಆಗಿದ್ದವರು. ಕಾಲನಿಯ ಮಕ್ಕಳಿಗೆ ಊರು ಎಂದರೆ ಕ್ವಾರ್ಟರ್ಸಿನ ನಂಬರು. ಹಬ್ಬ ಎಂದರೆ ಆಫೀಸಿನ ರಜೆಯ ಪಟ್ಟಿಯಲ್ಲಿ ಇರುವುದು. ಕರೆಂಟು ತಯಾರಿಸುವ ಊರಿಗೆ ಅಮಾವಾಸ್ಯೆ ಇಲ್ಲ. ಅವಳು ಸಿವಿಲ್ ಡಿಪ್ಲೊಮಾ ಮಾಡಿ, ದಾಂಡೇಲಿಯ ಒಬ್ಬ ಗುತ್ತಿಗೆದಾರನ ಕೈಕೆಳಗೆ ಸೈಟ್ ನೋಡಿಕೊಳ್ಳುತ್ತಿದ್ದಳು. ಗಂಡ ಸುಭಾಸನಿಗೆ ಕಾಗದದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಇದೆಲ್ಲದರ ಮೇಲೆ ಅವಳು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಳು. ಪಾಠ ಲ್ಯಾಪ್‌ಟಾಪಿನಲ್ಲಿ, ತರಗತಿ ಆಗೊಂದು ಈಗೊಂದು ಭಾನುವಾರ ಧಾರವಾಡದಲ್ಲಿ, ಓದು ದಾಂಡೇಲಿ ಬಸ್ಸಿನ ಕಿಟಕಿಯ ಪಕ್ಕದಲ್ಲಿ.

ಎದುರಿನ ಬಳೆ ಅಂಗಡಿಯ ನೀಲಕ್ಕ ಮೊದಲ ದಿನವೇ ಕೇಳಿದಳು. ನೀಲಕ್ಕ ಗಿರಾಕಿಯ ಕೈ ಹಿಡಿದುಕೊಂಡೇ ಮಾತಾಡುವವಳು. ಬಳೆ ಏರುವ ತನಕ ಯಾರೂ ಕೈ ಬಿಡಿಸಿಕೊಂಡು ಹೋಗುವಂತಿಲ್ಲ, ಅಷ್ಟರಲ್ಲಿ ಅವಳಿಗೆ ಎಲ್ಲ ತಿಳಿದಿರುತ್ತದೆ.

"ಮದುವಿ ಆಗೇತಿ, ನೌಕರಿ ಐತಿ. ಮತ್ಯಾಕ ಕಲೀತಿ ನಮ್ಮವ್ವ?"

"ಕೆಲಸ ನಾನ ಮಾಡ್ತೇನ್ರಿ. ಮೀಟಿಂಗಿನ್ಯಾಗ ಕುರ್ಚಿ ಬ್ಯಾರೇದವ್ರಿಗೆ ಹಾಕ್ತಾರ."

"ಕುರ್ಚಿ ಬೇಕಾದ್ರ ನನ್ನ ಅಂಗಡ್ಯಾಗಿಂದ ಒಯ್ಯಿ."

"ನಿಮ್ಮ ಕುರ್ಚಿಗೆ ಒಂದು ಕಾಲಿಲ್ರಿ ನೀಲಕ್ಕಾರ."

"ಅವ್ರ ಕುರ್ಚಿಗೆ ನಾಕೂ ಇದ್ದಾವೇನು? ಹೋಗಿ ನೋಡು, ಆಮ್ಯಾಲೆ ಹೇಳು."

ವಿಷಯ ಇಷ್ಟು. ಪರೀಕ್ಷೆಗಳೆಲ್ಲ ಪಾಸಾಗಿದ್ದವು. ಉಳಿದದ್ದು ಕೊನೆಯದೊಂದು: ನಿಜವಾದ ಕೆಲಸವೊಂದನ್ನು ಶುರುವಿನಿಂದ ಕೊನೆಯ ತನಕ ನಡೆಸಬೇಕು, ಯಾರಿಗಾಗಿ ಮಾಡಿದಳೋ ಅವರು "ಕೆಲಸ ಸರಿಯಾಗಿ ಮುಗಿದು ನಮ್ಮ ಕೈಗೆ ಬಂತು" ಎಂದು ಒಪ್ಪಿ ಸಹಿ ಹಾಕಬೇಕು, ಅದರ ಮೇಲೆ ವರದಿ ಬರೆಯಬೇಕು. ಹಿಂದಿನ ವರ್ಷ ಜೊಯಿಡಾದಲ್ಲಿ ಒಂದು ಹೋಮ್‌ಸ್ಟೇ ಕಟ್ಟುವ ಕೆಲಸವನ್ನು ಇದಕ್ಕಾಗಿ ಹಿಡಿದಿದ್ದಳು. ಗೋಡೆ ಎದ್ದು ಮಾಡಿಗೆ ಬರುವಷ್ಟರಲ್ಲಿ ಮಾಲೀಕ ಮನಸ್ಸು ಬದಲಿಸಿ, ಜಾಗವನ್ನೇ ಮಾರಿ ಗೋವೆಗೆ ಹೋದ. ಗೋಡೆಗಳು ಸಹಿ ಹಾಕುವುದಿಲ್ಲ. ಈ ಸಲದ್ದು ಅವಳಿಗೆ ಇದ್ದ ಕೊನೆಯ ಅವಕಾಶ. ಏಪ್ರಿಲ್ ಮುಗಿಯುವುದರೊಳಗೆ ಕೆಲಸ ಮುಗಿಯದಿದ್ದರೆ ಅವಧಿ ತೀರುತ್ತದೆ, ಪಾಸಾದ ಪರೀಕ್ಷೆಗಳೂ ಅದರ ಜೊತೆಗೆ ಹೋಗುತ್ತವೆ.

ಅವಳು ಹಿಡಿದ ಕೆಲಸ ನಮ್ಮ ಓಣಿಯ ಗಟಾರ. ಮಳೆ ಬಂದರೆ ಗಟಾರ ನಮ್ಮ ಅಂಗಡಿಗಳಿಗೆ ಬರುತ್ತಿತ್ತು. ಉಳಿದ ದಿನ ನಮ್ಮ ಅಂಗಡಿಯ ಕಸ ಗಟಾರಕ್ಕೆ ಹೋಗುತ್ತಿತ್ತು. ಹೀಗೆ ಲೆಕ್ಕ ಸಮವಾಗಿತ್ತು. ಒಂದು ಮಳೆಗಾಲದಲ್ಲಿ ನನ್ನ ತಟ್ಟೆ ಲೋಟಗಳು ಓಣಿಯಲ್ಲಿ ತೇಲಿಹೋದ ಮೇಲೆ ವ್ಯಾಪಾರಸ್ಥರೆಲ್ಲ ಕೂಡಿ, ಬೇಕಾದ ಪರವಾನಗಿ ಪಡೆದು, ಗಟಾರವನ್ನು ಹೊಸದಾಗಿ ಕಟ್ಟಿ ಮೇಲೆ ಕಲ್ಲಿನ ಚಪ್ಪಡಿ ಹಾಸುವುದೆಂದು ಠರಾವು ಮಾಡಿದೆವು. ಠರಾವು ಮಾಡುವುದರಲ್ಲಿ ನಮ್ಮ ಓಣಿ ಬಹಳ ಮುಂದೆ. ಕೆಲಸ ಸುಮಿತಾಳ ಗುತ್ತಿಗೆದಾರನಿಗೆ ಹೋಯಿತು. ಅವನು ಸಣ್ಣದು, ತಲೆನೋವಿನದು ಎಂದು ಅವಳ ಕೈಗೆ ಹಾಕಿದ. ಓಣಿಯ ಸಂಘಕ್ಕೆ ಬೇರೆ ಯಾರೂ ಸಿಗದೆ ನಾನು ಅಧ್ಯಕ್ಷನಾಗಿದ್ದೆ. ಅವಳ ವರದಿಯಲ್ಲಿ ನನ್ನ ಹೆಸರಿನ ಮುಂದೆ 'ಸ್ಪಾನ್ಸರ್' ಎಂದು ಬರೆದಿತ್ತು. ಸ್ಪಾನ್ಸರ್ ಎಂದರೆ ಕ್ರಿಕೆಟ್ ಹುಡುಗರಿಗೆ ಟೀ-ಶರ್ಟ್ ಕೊಡಿಸುವವನು ಎಂದಷ್ಟೇ ನಾನು ತಿಳಿದಿದ್ದೆ. ಕೊನೆಗೆ ಸಹಿ ಹಾಕುವವನೂ ಅವನೇ ಎಂದು ತಿಳಿದಾಗ ಸ್ವಲ್ಪ ನೆಟ್ಟಗೆ ಕೂತೆ.

ಅವಳು ನನ್ನ ಅಂಗಡಿಯ ಗೋಡೆಗೆ ಒಂದು ಚಾರ್ಟು ಅಂಟಿಸಿದಳು. ಮೇಲೆ ದಿನಗಳು, ಎಡಕ್ಕೆ ಕೆಲಸಗಳು, ನಡುವೆ ಬಣ್ಣಬಣ್ಣದ ಪಟ್ಟಿಗಳು. ಒಂದು ಪಟ್ಟಿ ಮುಗಿಯದೆ ಇನ್ನೊಂದು ಶುರುವಾಗುವುದಿಲ್ಲ ಎಂದು ತೋರಿಸಲು ಸಣ್ಣ ಬಾಣಗಳು. ಹೆಣ್ಣುಮಕ್ಕಳು ಅದನ್ನು ಸೀರೆಯ ಅಂಚಿನಂತೆ ನೋಡಿ ಹೋದರು. ನಾನೂ ನೋಡಿದೆ. ಸೋಮವಾರ ನಮ್ಮ ಕಡೆ ರೈತರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಮಣ್ಣು ಸಾಗಿಸುವ ಚಕ್ಕಡಿ ಬರುವುದಿಲ್ಲ ಎಂದು ಕೇಳಿಕೊಂಡು ಸೋಮವಾರಗಳನ್ನು ಖಾಲಿ ಬಿಟ್ಟಿದ್ದಳು. ಅಮಾವಾಸ್ಯೆಗೆ ಕಪ್ಪು ಚುಕ್ಕೆ ಇಟ್ಟಿದ್ದಳು. ಕಾಲನಿಯ ಹುಡುಗಿಗೆ ಇಷ್ಟು ತಿಳಿದದ್ದೇ ಹೆಚ್ಚು ಎಂದುಕೊಂಡೆ.

ಚಾರ್ಟಿನ ಮೊದಲ ಪಟ್ಟಿಯೇ ಮುಂದೆ ಹೋಗಲಿಲ್ಲ. ನೀರು ಹೊರಹೋಗುವುದು ಓಣಿಯ ಕೆಳತುದಿಯಿಂದ, ಆದ್ದರಿಂದ ಅಗೆಯುವುದೂ ಅಲ್ಲಿಂದಲೇ ಶುರುವಾಗಬೇಕು. ಕೆಳತುದಿಯಲ್ಲಿ ಇದ್ದದ್ದು ಈಶಪ್ಪನ ಅರಿವೆ ಅಂಗಡಿ. ಅವನ ಅಂಗಡಿಯ ಮುಂದಿನ ಕಲ್ಲಿನ ಕಟ್ಟೆ ಗಟಾರದ ಮೇಲೆಯೇ ಕೂತಿತ್ತು. ಈಶಪ್ಪ ಆ ಕಟ್ಟೆಯ ಮೇಲೆ ಕೂತಿದ್ದ.

"ಈಶಪ್ಪಣ್ಣಾರ, ನೀರು ಕೆಳಕ್ಕ ಹರೀತೈತ್ರಿ. ಅದಕ್ಕ ಕೆಳಗಿಂದನ ಅಗೀಬೇಕು."

"ನೀರು ನನ್ನ ಕೇಳಿ ಹರೀತೈತೇನು? ಮ್ಯಾಲಿನವ್ರದು ಮೊದಲ ಆಗ್ಲಿ."

"ಮ್ಯಾಲಿಂದ ಅಗದ್ರ ಆ ರಾಡಿ ಎಲ್ಲಾ ನಿಮ್ಮ ಅಂಗಡಿಗೇ ಬರತೈತಲ್ರಿ."

"ಬರ್ಲಿ. ರಾಡಿ ಬಂದ್ರ ಬಯ್ಯಾಕ ಒಬ್ರು ಸಿಗ್ತಾರ. ನನ್ನ ಕಟ್ಟಿ ನಾನ ಒಡಿಸಿಕೊಂಡ್ರ ಯಾರನ್ನ ಬಯ್ಯಲಿ?"

ಅವಳು ಓಣಿಯ ಮೇಲಕ್ಕೆ ನಡೆದಳು. ಮೇಲಿನವರ ಬಳಿ ಹೋದರೆ ಅವರದೂ ಅದೇ ರಾಗ. ಸರದಿಯಲ್ಲಿ ಕೊನೆಯವರಾಗಲು ಓಣಿಯ ಎಲ್ಲರೂ ತಯಾರಿದ್ದರು. ಅಂಗಡಿಯ ಮುಂದೆ ತಗ್ಗು ಅಗೆದ ದಿನಗಳಲ್ಲಿ ಗಿರಾಕಿ ಪಕ್ಕದವನ ಬಳಿ ಹೋದರೆ, ತಗ್ಗು ಮುಚ್ಚಿದ ಮೇಲೆ ವಾಪಸ್ ಬರುತ್ತಾನೆಂದು ಯಾರು ಬರೆದುಕೊಟ್ಟಾರು? ಅವಳು ಸಭೆ ಕರೆದಳು, ಅಂಗಡಿ ಬಿಟ್ಟು ಯಾರೂ ಬರಲಿಲ್ಲ. ಅಂಗಡಿಗೇ ಹೋದಳು, ಗಿರಾಕಿ ಇದ್ದಾರೆಂದು ಕೂರಿಸಿದರು. ಗಿರಾಕಿ ಇಲ್ಲದವರು ಬರುತ್ತಾರೆಂದು ಕೂರಿಸಿದರು. ಫೆಬ್ರವರಿ ಹೀಗೆ ಹೋಗುತ್ತಿತ್ತು. ಧಾರವಾಡದ ಗೈಡ್ ಫೋನು ಮಾಡಿದಾಗ ಅವಳು ಅಂಗಡಿಯಿಂದ ಹೊರಗೆ ಹೋಗಿ ಮಾತಾಡಿ ಬರುತ್ತಿದ್ದಳು. ವಾಪಸ್ ಬಂದಾಗ ಮುಖ ಹಾಗೆಯೇ ಇರುತ್ತಿತ್ತು. ಡಬ್ಬಿ ಮಾತ್ರ ತೆರೆಯದೆ ದಾಂಡೇಲಿಗೆ ಹೋಗುತ್ತಿತ್ತು.

"ಗಿರಾಕಿ ಬ್ಯಾಡ ಅಂದ್ರ ನಾವು ಸುಮ್ನ ಕೂಡೂದಿಲ್ಲ," ಎಂದೆ ಒಂದು ದಿನ. "ಮಾಲು ತಗದು ಮುಂದ ಹರವತೇವಿ. ಕಣ್ಣಿಗೆ ಬಿದ್ದಿದ್ದಕ್ಕ ಬ್ಯಾಡ ಅನ್ನೂದು ತ್ರಾಸು."

ಅವಳು ಕಲ್ಲು ತೆಗೆಯುವ ಖಾಣಿಯವರಿಗೆ ಫೋನು ಹಚ್ಚಿದಳು. ಚಪ್ಪಡಿ ತುಂಬಿದ ಲಾರಿ ಓಣಿಯ ಬಾಯಲ್ಲಿ ಬಂದು ನಿಂತರೆ ಈಶಪ್ಪನೂ ಕಟ್ಟೆಯಿಂದ ಎದ್ದು ನಿಲ್ಲಬೇಕಾದೀತು ಎಂದು ಲೆಕ್ಕ. ಲಾರಿ ಸಿಕ್ಕದ್ದು ಮುಂದಿನ ತಿಂಗಳ ಒಂದು ಮಂಗಳವಾರ. ಚಾರ್ಟಿನಲ್ಲಿ ಆ ಮಂಗಳವಾರ ಸ್ವಚ್ಛವಾಗಿತ್ತು. ಸೋಮವಾರ ಅಲ್ಲ, ಅಮಾವಾಸ್ಯೆ ಅಲ್ಲ.

ಅದಾದ ಸ್ವಲ್ಪ ದಿನಕ್ಕೆ ಊರಿನಲ್ಲಿ ಡಂಗುರ ಸಾರಿದರು: ಆ ಮಂಗಳವಾರ ಹೊರಬೀಡು.

ಗ್ರಾಮದೇವಿಯ ಕಾರ್ಯದ ವರ್ಷ ಬಂದಾಗ, ಹಿರಿಯರು ಗೊತ್ತು ಮಾಡಿದ ವಾರಗಳಂದು ನಮ್ಮಲ್ಲಿ ಊರಿಗೆ ಊರೇ ಹೊರಬೀಳುತ್ತದೆ. ಸೂರ್ಯ ಹುಟ್ಟುವುದರೊಳಗೆ ಮನೆ, ಅಂಗಡಿ ಎಲ್ಲಕ್ಕೂ ಬೀಗ. ಊರೊಳಗೆ ಒಲೆ ಹೊತ್ತುವಂತಿಲ್ಲ, ಕಸ ಗುಡಿಸುವಂತಿಲ್ಲ, ಕೆಲಸ ಮಾಡುವಂತಿಲ್ಲ. ಜನ ಸೀಮೆಯಾಚೆಯ ಗದ್ದೆ ತೋಪುಗಳಲ್ಲಿ ಅಡಿಗೆ ಮಾಡಿ ಉಂಡು, ಸಂಜೆ ಒಪ್ಪಿಗೆ ಸಿಕ್ಕ ಮೇಲೆ ಒಳಗೆ ಬರುತ್ತಾರೆ. ಆ ಒಂದು ಹಗಲು ಊರು ದೇವಿಯದು.

ಡಂಗುರವನ್ನು ಎಲ್ಲರೂ ಕೇಳಿದರು, ಸುಮಿತಾಳಿಗೆ ಯಾರೂ ಹೇಳಲಿಲ್ಲ. ಅವಳ ಕೆಲಸದ ಮೇಸ್ತ್ರಿ ಜ್ಯೋತಿಬಾ, ಅಧ್ಯಕ್ಷರು ಹೇಳಿರುತ್ತಾರೆ ಎಂದುಕೊಂಡ. ಅಧ್ಯಕ್ಷನಾದ ನಾನು, ಅಮಾವಾಸ್ಯೆಗೆ ಚುಕ್ಕೆ ಇಟ್ಟವಳು ಇದನ್ನು ಬಿಟ್ಟಾಳೆಯೇ ಎಂದುಕೊಂಡೆ. ನೀಲಕ್ಕ, ಇದನ್ನೂ ಹೇಳಬೇಕೇ ಎಂದುಕೊಂಡಳು. ಈಶಪ್ಪ ಏನಂದುಕೊಂಡನೆಂದು ಕೇಳುವ ಅಗತ್ಯವಿಲ್ಲ. ನಮಗೆ ಗೊತ್ತಿರುವುದು ಜಗತ್ತಿಗೇ ಗೊತ್ತಿದೆ ಎಂದು ನಂಬುವುದರಲ್ಲಿ ಹಳಿಯಾಳದವರನ್ನು ಮೀರಿಸಿದವರಿಲ್ಲ.

ಆ ಮಂಗಳವಾರ ಬೆಳಿಗ್ಗೆ ಅವಳು ಬಂದ ಬಸ್ಸು ಊರ ಹೊರಗೇ ನಿಂತಿತು. ಅವಳು ಇಳಿದು ನೋಡಿದರೆ ರಸ್ತೆಯ ಎರಡೂ ಬದಿಯ ಗದ್ದೆಗಳಲ್ಲಿ ಸಾವಿರಾರು ಜನ, ಒಲೆಯ ಹೊಗೆ, ರೊಟ್ಟಿ ಬಡಿಯುವ ಸದ್ದು. ನಮ್ಮ ಓಣಿಯವರು ಒಂದು ಮಾವಿನ ಮರದ ಸುತ್ತ ಇದ್ದೆವು. ಚೀಲ ಹಿಡಿದುಕೊಂಡು ಓಡಿಬಂದಳು.

"ಊರಾಗ ಏನರ ಆಗೇತೇನ್ರಿ ಸಾವ್ಕಾರ್ರ?"

"ಏನೂ ಆಗಬಾರದು ಅಂತ ಹೊರಗ ಬಂದೇವವ್ವ. ಹೊರಬೀಡು."

"ಹಂಗಂದ್ರ?"

ನೀಲಕ್ಕ ವಿವರಿಸಿದಳು. ಸುಮಿತಾ ಕೇಳುತ್ತ ಕೇಳುತ್ತ ರಸ್ತೆಯ ಕಡೆ ತಿರುಗಿದಳು. ಲಾರಿ ಆಗಲೇ ಬಂದು ನಿಂತಿತ್ತು, ಡ್ರೈವರ್ ಇಳಿದು ಸೊಂಟದ ಮೇಲೆ ಕೈ ಇಟ್ಟುಕೊಂಡಿದ್ದ.

"ಯಾರೂ ಹೇಳಲೇ ಇಲ್ಲಲ್ರಿ ನನಗ!"

"ನೀವು ಕೇಳಲಿಲ್ಲ ಮೇಡಂ," ಎಂದ ಈಶಪ್ಪ.

"ಹೊರಬೀಡು ಅನ್ನೂದು ಐತಿ ಅಂತ ಗೊತ್ತಿದ್ರ ಕೇಳ್ತಿದ್ದೆ. ಗೊತ್ತ ಇಲ್ಲದ್ದನ್ನ ಹೆಂಗ ಕೇಳೂದ್ರಿ?"

 ನಮ್ಮ ಹತ್ತಿರ ರೊಟ್ಟಿ ಇತ್ತು, ಕೊಟ್ಟೆವು. ಅವಳು ತೆಗೆದುಕೊಳ್ಳಲಿಲ್ಲ.

ಡ್ರೈವರನದು ಸರಳ ಮಾತು. ಈಗ ಇಳಿಸಿಕೊಳ್ಳಬೇಕು, ಇಲ್ಲವಾದರೆ ವಾಪಸ್. ಮತ್ತೆ ಖಾಣಿಯ ಲಾರಿ ಸಿಗುವುದು ಮುಂದಿನ ತಿಂಗಳ ಕೊನೆಗೆ. ಮುಂದಿನ ತಿಂಗಳ ಕೊನೆ ಎಂದರೆ ಏಪ್ರಿಲ್ ಕೊನೆ, ಅವಳ ಅವಧಿಯ ಕೊನೆಯೂ ಅದೇ. ಊರೊಳಗೆ ಲಾರಿ ಹೋಗುವಂತಿಲ್ಲ. ಹಮಾಲರು ಪಕ್ಕದ ಗದ್ದೆಯಲ್ಲಿ ಮಲಗಿದ್ದರು. ಇವತ್ತು ಹೆಗಲಿಗೆ ಏನೂ ಏರಿಸುವುದಿಲ್ಲ ಎಂದು ಅಲ್ಲಿಂದಲೇ ಕೈ ಆಡಿಸಿದರು.

ಸುಮಿತಾ ಕೂಡ್ರಲು ಜಾಗ ನೋಡಿದಳು. ಅದು ಭತ್ತ ಕೊಯ್ದ ಗದ್ದೆ, ಕೂಳೆ ಚುಚ್ಚುತ್ತಿತ್ತು. ಹಾಗಾಗಿ ನಿಂತೇ ಇದ್ದಳು. ನೀಲಕ್ಕನೂ ಬೆಳಗಿನಿಂದ ಮೊಣಕಾಲು ಹಿಡಿದುಕೊಂಡು ಕೂಡ್ರುವುದು ಏಳುವುದು ಮಾಡುತ್ತಿದ್ದಳು.

"ಏ ಜ್ಯೋತಿಬಾ," ಎಂದಳು, "ಆ ಲಾರ್ಯಾಗಿಂದ ಒಂದು ಕಲ್ಲು ಇಳಸೋ ನನಗ. ಈ ಕೂಳಿ ಮ್ಯಾಲೆ ಕೂಡಾಕ ನಾನೇನು ಭೀಷ್ಮ ಅಲ್ಲ."

ಸುಮಿತಾ ನೀಲಕ್ಕನ ಕಡೆ ನೋಡಿದಳು, ಲಾರಿಯ ಕಡೆ ನೋಡಿದಳು, ಮರದ ಸುತ್ತ ಕುಕ್ಕರುಗಾಲಿನಲ್ಲಿ ಕೂತಿದ್ದ ನಮ್ಮನ್ನೆಲ್ಲ ನೋಡಿದಳು.

"ಒಂದ ಯಾಕ್ರಿ ನೀಲಕ್ಕಾರ? ಎಲ್ಲಾರೂ ಒಂದೊಂದು ತಗೋರಿ. ಮನಿಗೊಂದು ಕಲ್ಲು. ಕೂಡ್ರಿ, ಅಡಿಗಿ ಮಾಡ್ರಿ, ಊಟಾ ಮಾಡ್ರಿ."

"ಇವತ್ತ ಕೆಲಸ ಮಾಡೂದಿಲ್ಲ," ಎಂದ ಈಶಪ್ಪ.

ನೀಲಕ್ಕ ತಿರುಗಿದಳು. "ಕೂಡಾಕ ಮಣಿ ಹಾಕೂದು ಕೆಲಸೇನೋ ಈಶ್ಯಾ? ಹಂಗಾದ್ರ ನಿನ್ನ ಹೇಣ್ತಿ ಲಗ್ನ ಆದಾಗಿಂದ ಕೆಲಸ ಮಾಡಾಕತ್ಯಾಳ. ಒಂದಿನಾರ ಅದನ್ನ ಕೆಲಸ ಅಂದೀಯೇನು?"

ಈಶಪ್ಪನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. ಈಶಪ್ಪ ಎದ್ದು ಲಾರಿಯ ಕಡೆ ನಡೆದ.

ಆಮೇಲೆ ನಡೆದದ್ದು ವ್ಯಾಪಾರಿಗಳ ಜಾತಿಗುಣ. ಬಿಟ್ಟಿ ಸಿಕ್ಕರೂ ಆರಿಸದೆ ಮುಟ್ಟುವವರಲ್ಲ ನಾವು. ನಾಲ್ಕು ಜನ ಸೇರಿ ಎತ್ತುವ ಚಪ್ಪಡಿಗಳು. ಒಂದೊಂದನ್ನೂ ತಟ್ಟಿ, ಕಿವಿಗೊಟ್ಟು, ಅಂಚು ಸವರಿ, "ಇದು ಬ್ಯಾಡ, ಬಿರುಕು ಐತಿ", "ಇದು ಮೂಲಿ ಮುರದೈತಿ" ಎಂದು ಆರಿಸಿದೆವು. ನಾನೂ ಬೆರಳಿನಿಂದ ಬಾರಿಸಿ ಒಂದನ್ನು ಹಿಡಿದೆ. ಹೀಗೆ ಆರಿಸಿ ಆರಿಸಿ ಒಳ್ಳೆಯವೆಲ್ಲ ಗದ್ದೆಗೆ ಇಳಿದವು, ಕೆಟ್ಟವು ಲಾರಿಯಲ್ಲಿ ಉಳಿದವು. ಡ್ರೈವರ್ ಬಾಯಿ ತೆರೆಯುವುದರೊಳಗೆ ಸುಮಿತಾ ಅವನ್ನು ಖಾಣಿಗೇ ವಾಪಸ್ ಕಳಿಸಿದಳು. ಮಾಲಿನ ಪರೀಕ್ಷೆಗೆಂದು ಚಾರ್ಟಿನಲ್ಲಿ ಅವಳು ಬೇರೆಯೇ ದಿನ ಇಟ್ಟಿದ್ದಳು, ಅದು ಉಳಿಯಿತು.

ಹೆಣ್ಣುಮಕ್ಕಳು ಕಲ್ಲುಗಳನ್ನು ತೊಳೆದರು. ದೇವಿಗೆ ಎಡೆ ಇಟ್ಟದ್ದು ಅವುಗಳ ಮೇಲೆಯೇ, ಆದ್ದರಿಂದ ಒಂದೊಂದಕ್ಕೂ ಅರಿಸಿನ ಕುಂಕುಮ ಬಿತ್ತು. ಕುಂಕುಮ ಬಿದ್ದ ಮೇಲೆ ನಮ್ಮ ಕಡೆ ಯಾವ ಕಲ್ಲೂ ಬರೀ ಕಲ್ಲಾಗಿ ಉಳಿಯುವುದಿಲ್ಲ. ಈಶಪ್ಪ ತನ್ನ ಚಪ್ಪಡಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಉಂಡು, ಅಲ್ಲಿಯೇ ಮಗ್ಗುಲಾದ. ಎದ್ದಾಗ ಅಂಗೈಯಿಂದ ಅಂಚು ಅಳೆಯುತ್ತಿದ್ದ.

"ನನ್ನ ಕಟ್ಟಿಗಿಂತ ಇದು ಅಗಲ ಐತಲ್ಲೋ ಜ್ಯೋತಿಬಾ."

"ಅಗಲ ಐತ್ರಿ, ತಂಪೂ ಐತ್ರಿ. ಆದ್ರ ಮೇಡಂ ಅದನ್ನ ಯಾರ ಅಂಗಡಿ ಮುಂದ ಹಾಕ್ತಾರೋ ಏನೋ."

"ಯಾರ ಅಂಗಡಿ ಮುಂದ ಅಂದ್ರ? ಇದು ನಮ್ದು. ನಮ್ಮಾಕಿ ಕುಂಕುಮ ಹಚ್ಚ್ಯಾಳ."

 ಸುಮಿತಾ ನನ್ನ ಚಪ್ಪಡಿಯ ಒಂದು ತುದಿಯಲ್ಲಿ ಕೂತು, ಬೆಳಿಗ್ಗೆ ಬೇಡವೆಂದ ರೊಟ್ಟಿಯನ್ನು ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುತ್ತಿದ್ದಳು. ಕಣ್ಣು ಮಾತ್ರ ಯಾರು ಯಾರ ಕಲ್ಲಿನ ಮೇಲೆ ಕೂತಿದ್ದಾರೆ, ಯಾರ ಪಲ್ಯ ಯಾರ ತಾಟಿಗೆ ಹೋಗುತ್ತದೆ ಎಂಬುದರ ಮೇಲೆಯೇ ಇತ್ತು. ಅಂಗಡಿಗಳು ಇರುವ ಸಾಲು ಒಂದು, ಜನ ಕೂತ ಸಾಲು ಇನ್ನೊಂದು. ಓಣಿಯ ಕೆಳತುದಿಯ ಈಶಪ್ಪನ ಹೆಂಡತಿ ನಡುವಿನ ನೀಲಕ್ಕನ ಒಲೆಯಲ್ಲಿ ಅಡಿಗೆ ಮಾಡುತ್ತಿದ್ದಳು. ಅಂಗಡಿಗೆ ಅಂಗಡಿ ಅಂಟಿಕೊಂಡ ಇಬ್ಬರು ಕಿರಾಣಿಯವರು ಮರದ ಆಚೆಗೊಬ್ಬ ಈಚೆಗೊಬ್ಬ ಬೆನ್ನು ತಿರುಗಿಸಿ ಕೂತಿದ್ದರು. ಇದಕ್ಕೆ ಅವಳ ಪುಸ್ತಕದಲ್ಲಿ 'ಸ್ಟೇಕ್‌ಹೋಲ್ಡರ್ ಮ್ಯಾಪಿಂಗ್' ಎನ್ನುತ್ತಾರಂತೆ. ನಮ್ಮಲ್ಲಿ ಇದನ್ನು ಹೊಟ್ಟೆಪಾಡಿಲ್ಲದವರ ಕೆಲಸ ಎನ್ನುತ್ತೇವೆ.

ಮರುದಿನ ಚಾರ್ಟು ಬದಲಾಗಿತ್ತು. ಯಾರ ಅಂಗಡಿಯ ಮುಂದೆ ತಗ್ಗು ಅಗೆಯುತ್ತಾರೋ ಅವರು ಅಷ್ಟು ದಿನ ತಾವು ಜೊತೆಗೆ ಉಂಡವರ ಅಂಗಡಿಯಲ್ಲಿ ಅರ್ಧ ಜಾಗ ಪಡೆದು ವ್ಯಾಪಾರ ಮಾಡುವುದು. ಮುಂದೆ ಅವರ ಸರದಿ ಬಂದಾಗ ಇವರು ಕೊಡುವುದು. ತಾಟು ಹಂಚಿಕೊಂಡವರು ಜಾಗ ಇಲ್ಲ ಎನ್ನಲಾರದೆ ಹೋದರು. ಸರದಿಯ ಜಗಳ ತಿರುಗುಮುರುಗಾಯಿತು. ಚಪ್ಪಡಿಗಳು ಇನ್ನೂ ಗದ್ದೆಯಲ್ಲಿ ಬಿದ್ದಿದ್ದವು, ಯಾರ ಕಲ್ಲು ಯಾರದೆಂದು ಕುಂಕುಮದ ಗುರುತಿತ್ತು, ಗದ್ದೆಯಲ್ಲಿ ಬಿಟ್ಟ ಮಾಲಿನ ಮೇಲೆ ಯಾವ ವ್ಯಾಪಾರಿಗೆ ನಂಬಿಕೆ? "ನಮ್ಮ ಕಲ್ಲು ಯಾವಾಗ ಬರತೈತಿ?" ಎಂದು ಹಿಂದಿನ ವಾರ ಕೊನೆಯ ಸರದಿ ಕೇಳಿದವರೇ ಈಗ ಮೊದಲಿನ ಸರದಿ ಕೇಳತೊಡಗಿದರು.

"ಕೆಳಗಿಂದ ಶುರು ಮಾಡಬೇಕಲ್ರಿ," ಎಂದಳು ಸುಮಿತಾ. "ಅದಕ್ಕ ಈಶಪ್ಪಣ್ಣಾರದು ಮೊದಲ."

"ಅವ್ರದ ಯಾಕ ಮೊದಲ?" ಎಂದು ಮೇಲಿನವರು ಕೂಗಾಡಿದರು. ಈಶಪ್ಪ ಅಂದೇ ಜ್ಯೋತಿಬಾನನ್ನು ಕರೆದು ತನ್ನ ಕಟ್ಟೆ ಒಡೆಸಿದ. ತನ್ನ ಪಾಲಿಗೆ ಬಂದದ್ದನ್ನು ಬೇರೆಯವರು ಕಸಿಯುತ್ತಾರೆಂದು ಗೊತ್ತಾದರೆ ಸಾಕು, ಅದು ಕಷ್ಟವೋ ಲಾಭವೋ ಎಂದು ಈಶಪ್ಪ ನೋಡುವವನಲ್ಲ. ಅವನ ಅರಿವೆಗಳು ನೀಲಕ್ಕನ ಬಳೆಗಳ ಪಕ್ಕಕ್ಕೆ ಹೋದವು. ಕುಪ್ಪಸದ ಬಟ್ಟೆಯ ಕಣಕ್ಕೆ ಬಣ್ಣ ಕೂಡಿಸಿ ನೀಲಕ್ಕ ಬಳೆ ಮಾರಿದಳು, ಬಳೆಗೆ ಕೂಡಿಸಿ ಈಶಪ್ಪ ಕಣ ಮಾರಿದ. ತಗ್ಗು ಮುಚ್ಚಿದ ಮೇಲೂ ಅವನು ಅಲ್ಲಿಂದ ಕದಲಲು ತಯಾರಿರಲಿಲ್ಲ.

"ಏಳೋ ಮಾರಾಯಾ, ನಿನ್ನ ಗಟಾರ ಮುಗದೈತಿ."

"ಇರ್ಲಿ ನೀಲಕ್ಕ, ಸಿಮೆಂಟು ಒಣಗಲಿ."

"ಸಿಮೆಂಟು ಒಣಗಿ ಕಲ್ಲಾಗೇತಿ. ನೀ ಇಲ್ಲೇ ಬೇರು ಬಿಡಾಕತ್ತಿ."

ಕೆಲಸ ಮೇಲಕ್ಕೆ ಏರುತ್ತ ಬಂತು. ಏಪ್ರಿಲ್ ಮುಗಿಯುವ ಮುನ್ನ ಕೊನೆಯ ಚಪ್ಪಡಿ ಕೂತಿತು. ಸುಮಿತಾ ಕಾಗದ ತಂದು ನನ್ನ ಮುಂದೆ ಇಟ್ಟಳು. ಕೆಲಸ ಸರಿಯಾಗಿ ಮುಗಿದು ಕೈಗೆ ಬಂತು ಎಂಬ ಒಪ್ಪಿಗೆ.

ನಾನು ಪೆನ್ನು ತೆಗೆಯಲಿಲ್ಲ.

"ಭಾಂಡೆ ತಗೊಳ್ಳೂ ಮುಂದ ನೀರು ಹಾಕಿ ನೋಡ್ತೇವವ್ವ. ಮಳಿ ಬರಲಿ."

"ಮಳಿ ಬರೂದು ಜೂನ್‌ದಾಗ್ರಿ. ನನಗ ಈ ವಾರ ಬೇಕು."

"ನೋಡದ ಮಾಲಿಗೆ ನಾ ಸಹಿ ಹಾಕೂದಿಲ್ಲ."

ಅವಳು ಬೇಡಿಕೊಳ್ಳಲಿಲ್ಲ, ಕಣ್ಣೀರೂ ಹಾಕಲಿಲ್ಲ. ಅಂಗಡಿಯೊಳಗೆ ಸುತ್ತ ನೋಡಿದಳು. ಗೋಡೆಯುದ್ದಕ್ಕೂ ಹಂಡೆಗಳು, ಕೊಳಗಗಳು, ಲಗ್ನದ ದೊಡ್ಡ ಪಾತ್ರೆಗಳು.

"ಸರಿ ಐತ್ರಿ. ನೋಡೂಣು. ಈ ಹಂಡೇ ಎಲ್ಲಾ ಹೊರಗ ತಗೀರಿ, ತುಂಬಿಸಿ ಒಮ್ಮೆಲೆ ಸುರವೂಣು."

ತಾಮ್ರದ ಹೊಸ ಹಂಡೆಗೆ ಒಮ್ಮೆ ನೀರು ತಗುಲಿತೆಂದರೆ ಕಲೆ ಬೀಳುತ್ತದೆ, ಆಮೇಲೆ ಅದನ್ನು ಹೊಸದೆಂದು ಮಾರಲಾಗುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಎದುರಿನಿಂದ ಕೇಳಿಸಿಕೊಳ್ಳುತ್ತಿದ್ದ ನೀಲಕ್ಕನಿಗೂ ಗೊತ್ತಿತ್ತು.

"ತಗೀರಿ ಸಾವ್ಕಾರ್ರ, ತಗೀರಿ!" ಎಂದು ನೀಲಕ್ಕ ನಕ್ಕಳು. "ಪರೀಕ್ಷಾ ತಗೊಳ್ಳಾವ್ರಿಗೂ ಸ್ವಲ್ಪ ಖರ್ಚು ಬರಬೇಕು."

ನಾನು ಹಂಡೆಗಳ ಮುಂದೆ ನಿಂತುಕೊಂಡೆ. ಕೊನೆಗೆ ಓಣಿಯವರೇ ಅಂಗಡಿಯ ಹಿಂದಿನ ಮನೆಗಳಿಂದ ಕೊಡ, ಬಕೇಟು, ಬಾಣಲೆ, ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು ಓಣಿಯ ಮೇಲ್ತುದಿಗೆ ಹೋದರು. ಜ್ಯೋತಿಬಾ ಕೈ ಎತ್ತಿದ. ಒಮ್ಮೆಲೆ ಸುರುವಿದರು. ಚಪ್ಪಡಿಗಳ ಕೆಳಗೆ ನೀರು ಗುಡುಗುಡು ಎಂದು ಓಡುವುದು ಕಾಲಿಗೆ ತಿಳಿಯುತ್ತಿತ್ತು. ಕೆಳತುದಿಯಲ್ಲಿ ತನ್ನ ಚಪ್ಪಡಿಯ ಮೇಲೆ ಕೂತಿದ್ದ ಈಶಪ್ಪ ಬಗ್ಗಿ ನೋಡಿ ಕೂಗಿದ: "ಬಂತೋ! ಬಂದು ಹೋತು!" ಯಾವ ಅಂಗಡಿಗೂ ಒಂದು ಹನಿ ಏರಲಿಲ್ಲ. ನಾನು ಸಹಿ ಹಾಕಿದೆ.

ವರದಿಯ ಮೇಲೆ ಪ್ರಶ್ನೆ ಕೇಳುವ ಪರೀಕ್ಷೆ ಧಾರವಾಡದಲ್ಲಿ ನಡೆಯಿತು. ಹಿಂತಿರುಗುವಾಗ ಸುಮಿತಾ ಹಳಿಯಾಳದಲ್ಲಿ ಇಳಿದು ಓಣಿಗೆ ಬಂದು ಹೇಳಿದಳು. ಪರೀಕ್ಷಕರು ವರದಿ ತಿರುವಿ ಕೇಳಿದರಂತೆ: ನಿಮ್ಮ ಹೊಸ ಚಾರ್ಟಿನಲ್ಲಿ ಈ ಮಂಗಳವಾರ ಯಾವ ಕೆಲಸವೂ ಇಲ್ಲ, ಆದರೆ ಅದಕ್ಕೆ ಮೊದಲು ಎಲ್ಲವೂ ನಿಂತಿದೆ, ಅದಾದ ಮೇಲೆ ಎಲ್ಲವೂ ನಡೆದಿದೆ, ಆ ದಿನ ಏನು ಮಾಡಿದಿರಿ?

"ನೀ ಏನಂದಿ?" ಎಂದು ನೀಲಕ್ಕ ಕೇಳಿದಳು.

"ರೊಟ್ಟಿ ತಿಂದೆ ಅಂದೆ."

"ಪಾಸ್ ಮಾಡಿದ್ರೇನು?"

"ಮಾಡಿದ್ರು."

ಈಗ ಅವಳ ಕಾರ್ಡಿನ ಮೇಲೆ ಪ್ರಾಜೆಕ್ಟ್ ಮ್ಯಾನೇಜರ್ ಎಂದು ಅಚ್ಚಾಗಿದೆ. ಮೀಟಿಂಗಿನಲ್ಲಿ ಕುರ್ಚಿ ಸಿಕ್ಕಿದೆಯಂತೆ; ಅದಕ್ಕೆ ನಾಲ್ಕು ಕಾಲು ಇವೆಯೋ ಎಂದು ನೀಲಕ್ಕ ಪ್ರತಿ ಸಲ ಕೇಳುತ್ತಾಳೆ, ಅವಳು ಪ್ರತಿ ಸಲ ಮೂರೂವರೆ ಎನ್ನುತ್ತಾಳೆ. ಈಗಿನ ಕೆಲಸ ಮುಂಡಗೋಡದ ಕಡೆ, ಸನವಳ್ಳಿಯ ಹತ್ತಿರ ಒಂದು ದಾಸ್ತಾನು ಶೆಡ್ಡು. ಅಲ್ಲಿಗೆ ಹೋದ ಮೊದಲ ದಿನ, ಅಳತೆಯ ಟೇಪು ಹೊರತೆಗೆಯುವ ಮೊದಲೇ ಊರಿನವರನ್ನು ಕೇಳಿದಳಂತೆ: "ನಿಮ್ಮೂರಾಗ ಎಲ್ಲಾರೂ ಬೀಗ ಹಾಕ್ಕೊಂಡು ಹೋಗೂ ದಿನ ಯಾವುದ್ರಿ?" ಅವರು ಮೊದಲು ನಕ್ಕರು, ಆಮೇಲೆ ಹೇಳಿದರು.

ನಮ್ಮ ಓಣಿಯಲ್ಲಿ ಎರಡು ಮಳೆಗಾಲ ಕಳೆದಿವೆ. ನನ್ನ ಲೋಟಗಳು ಕಪಾಟಿನಲ್ಲೇ ಇವೆ. ಅವಳಿಗೆ ನಾನು ಕೊಡಬೇಕಾದದ್ದು ಒಂದು: ಹಳಿಯಾಳದ ಮುಂದಿನ ಹೊರಬೀಡಿನ ದಿನ ಗೊತ್ತಾದ ಕೂಡಲೆ ಫೋನು ಮಾಡಿ ಹೇಳುವುದು.